ಎರಡನೇ ಗುಟುಕು

ನನ್ನ ಮಗಳು ಬಾರ್ಲಿ ಹುಳಿಸಿ ಮಾಡಿದ ಏಲನ್ನು ಚಾವಡಿಯ ಪಂಚರು ಬಾಯಿಗೆ ಹಾಕಿಕೊಂಡು ಉಗಿದರು. ಉಗಿದು ಸುಮ್ಮನಾಗಲಿಲ್ಲ. ಒಬ್ಬರು "ಮುಸುರೆ" ಅಂದರು, ಇನ್ನೊಬ್ಬರು ನಕ್ಕರು, ಆಮೇಲೆ ಗುಡಾಣವನ್ನೇ ಎತ್ತಿಸಿ ಹೊರಗಿನ ಚರಂಡಿಗೆ ಸುರಿಸಿದರು. ಊರೆಲ್ಲ ನೋಡುತ್ತಿತ್ತು. ಚೆಲುವಿ ಕಂಬಕ್ಕೆ ಒರಗಿ ನಿಂತಿದ್ದಳು. ಅಳಲಿಲ್ಲ, ಓಡಿಹೋಗಲೂ ಇಲ್ಲ. ಸುರಿದ ಏಲು ನೊರೆಯಾಗಿ ಚರಂಡಿಯಲ್ಲಿ ಹರಿದು ಹೋಗುವವರೆಗೂ ಅದನ್ನೇ ನೋಡುತ್ತಿದ್ದಳು. ನೆನೆಸಿಕೊಂಡರೆ ಈಗಲೂ ಮೊರದಲ್ಲಿ ಕಲ್ಲು ಉಳಿದು ಅಕ್ಕಿ ಆಚೆಗೆ ಹೋಗುತ್ತದೆ.

ನಮ್ಮೂರಿನಲ್ಲಿ ಯಾರು ಏನು ಮಾಡಿದರೂ ಅದರ ರುಚಿ ಮಾಡಿದವರ ನಾಲಿಗೆಗೆ ಹತ್ತುವುದಿಲ್ಲ. ನಾನು ಸಾರು ಮಾಡಿದರೆ ನನ್ನ ಬಾಯಲ್ಲಿ ಅದು ಬಿಸಿನೀರು. ಘಮವೇನೋ ಮೂಗಿಗೆ ಬರುತ್ತದೆ, ನಾಲಿಗೆಗೆ ಮಾತ್ರ ಏನೂ ಇಲ್ಲ. ಹಾಗಾಗಿ ಮಧ್ಯಾಹ್ನದ ಊಟಕ್ಕೆ ಮುಂಚೆ ಪ್ರತಿ ಬೀದಿಯಲ್ಲೂ ಹೆಂಗಸರು ಕೈಯಲ್ಲಿ ಸೌಟು ಹಿಡಿದು ಎದುರುಮನೆಗೆ ದಾಟುತ್ತಾರೆ. ದೇವೀರಮ್ಮ ನನ್ನ ನಾಲಿಗೆ, ನಾನು ಅವಳ ನಾಲಿಗೆ. "ಉಪ್ಪು ಒಂದು ಚಿಟಿಕೆ ಬೇಕು ಪುಟ್ಟತಾಯಿ, ಹುಳಿ ಸಾಕು" ಎಂದು ಅವಳು ಹೇಳಿದ ಮೇಲೆಯೇ ನಮ್ಮ ಮನೆಯಲ್ಲಿ ಒಲೆ ಆರುವುದು. ನಾವಿಬ್ಬರೂ ಜಗಳವಾಡಿದ ದಿನ ಎರಡೂ ಮನೆಯವರು ಸಪ್ಪೆ ಉಣ್ಣುತ್ತಾರೆ. ಹುಡುಗಿ ನೋಡಲು ಬಂದವರನ್ನು ಹುಡುಗಿಯ ಕಡೆಯವರು ಮೊದಲು ಕೇಳುವುದೇ "ನಿಮ್ಮ ಬೀದೀಲಿ ಇವಳಿಗೆ ನಾಲಿಗೆ ಯಾರಾಗ್ತಾರೆ?" ಎಂದು. ಮಾಡಿದವರು ತಾವು ಮಾಡಿದ್ದನ್ನೇ ಉಣ್ಣುವಾಗಿನ ಮುಖಕ್ಕೆ ನೀರುಮುಖ ಅನ್ನುತ್ತೇವೆ. ಅಗಿಯುತ್ತಾರೆ, ನುಂಗುತ್ತಾರೆ, ಕಣ್ಣು ಮಾತ್ರ ಎಲ್ಲೋ ಇರುತ್ತದೆ. ನನ್ನ ಮಕ್ಕಳು ಎಲೆಯ ಮುಂದೆ ನನ್ನನ್ನು ನೋಡಿರುವುದು ಆ ಮುಖದಲ್ಲೇ.

ಮಾಡುವಾಗ ಕೈ ಒಂದಿಷ್ಟು ತಾಗಿದರೂ ಸಾಕು. ಚೆಲುವಿ ಚಿಕ್ಕವಳಿದ್ದಾಗ ಪಾಯಸಕ್ಕೆ ದ್ರಾಕ್ಷಿ ತಾನೇ ಹಾಕುತ್ತೇನೆಂದು ಹಟ ಹಿಡಿದು ಹಾಕಿದ್ದಳು. ಆಮೇಲೆ ಬಟ್ಟಲು ಹಿಡಿದು ಕೂತು ಒಂದು ಚಮಚ ಬಾಯಿಗಿಟ್ಟು, ನನ್ನ ಮುಖ ನೋಡಿ, "ಅವ್ವಾ, ನೀರು" ಎಂದು ಅತ್ತಿದ್ದಳು. ಅವತ್ತು ನಾನು ದೇವೀರಮ್ಮನ ಮನೆಯಿಂದ ಬೆಲ್ಲದನ್ನ ತಂದು ತಿನ್ನಿಸಿ ಮಲಗಿಸಿದೆ. ಅಷ್ಟಕ್ಕೂ ಬುದ್ಧಿ ಬರಲಿಲ್ಲ. ಬೆಳೆದ ಮೇಲೂ ಒಲೆಯ ಹತ್ತಿರವೇ ಅವಳ ಜೀವ.

ಏಲು ಬಿಯರಿನ ಜಾತಿಯದೇ, ಆದರೆ ನಮ್ಮೂರಿನದು ಗಟ್ಟಿ. ಬಾರ್ಲಿಯನ್ನು ನೆನೆಸಿ, ಒದ್ದೆ ಗೋಣಿಯಲ್ಲಿ ಮೊಳಕೆ ಬರಿಸಿ, ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ಹುರಿದು ತರಿತರಿಯಾಗಿ ಬೀಸಬೇಕು. ಅದೇ ಮಾಲ್ಟು. ಅದನ್ನು ಬಿಸಿನೀರಿನಲ್ಲಿ ಬಿಟ್ಟರೆ ಸಿಹಿಯೆಲ್ಲ ನೀರಿಗೆ ಇಳಿಯುತ್ತದೆ. ಸೋಸಿದ ಆ ನೀರನ್ನು ಕಹಿ ಕೊಡುವ ಹಾಪ್ಸ್ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಗುಡಾಣಕ್ಕೆ ತುಂಬಿದರೆ ಉಳಿದದ್ದು ಕಾಯುವ ಕೆಲಸ. ಬೇರೆ ಊರುಗಳಲ್ಲಿ ಇದನ್ನು ಮರೆಯಲ್ಲಿ ಕುಡಿಯುತ್ತಾರಂತೆ. ನಮ್ಮಲ್ಲಿ ಊರಿಗೆ ಹೆಸರು ಬಂದದ್ದೇ ಅದರಿಂದ. ಚಾವಡಿಯವರು ಒಪ್ಪಿದರೆ ಮಾತ್ರ ಏಲು ಮಾಡುವವರು ಎಂದು ಕರೆಸಿಕೊಳ್ಳಬಹುದು, ಬಾಗಿಲಿಗೆ ಬಾರ್ಲಿ ತೆನೆ ಕಟ್ಟಬಹುದು. ಅಲ್ಲಿಯವರೆಗೆ ಯಾರೇ ಆದರೂ ಹಿತ್ತಲಲ್ಲಿ ಆಟವಾಡುತ್ತಿರುವವರು. ಚೆಲುವಿಗೆ ಆ ತೆನೆ ಬೇಕಿತ್ತು. ಬೇರೆ ಏನನ್ನೂ ಅವಳು ನನ್ನಲ್ಲಿ ಇಷ್ಟು ಆಸೆಯಿಂದ ಕೇಳಿದವಳಲ್ಲ.

ನಾನು ಅವಳ ನಾಲಿಗೆಯಾದೆ. ನಾಲಿಗೆಯಾದವಳು ಪಾತ್ರೆ ಮುಟ್ಟುವಂತಿಲ್ಲ, ಮುಟ್ಟಿದರೆ ಅವಳಿಗೂ ರುಚಿ ಹೋಯಿತು. ಇದು ಎಂಥ ಶಿಕ್ಷೆಯೆಂದು ಹೆತ್ತವರಿಗೆ ಹೇಳಬೇಕಾಗಿಲ್ಲ. ನೆನೆದ ಬಾರ್ಲಿಯ ಚೀಲವನ್ನು ಅವಳು ಎಳೆಯಲಾರದೆ ಎಳೆಯುವಾಗ, ಕುದಿಯುವ ಹಂಡೆಯ ಆವಿಗೆ ಮೊಣಕೈ ಸುಟ್ಟುಕೊಂಡಾಗ, ಬೀಸುಕಲ್ಲಿನ ಗೂಟ ಹಿಡಿದು ಅಂಗೈ ಬೊಬ್ಬೆ ಬಂದಾಗ ನಾನು ಬಾಗಿಲಲ್ಲಿ ಕೈ ಕಟ್ಟಿ ಕೂತೆ. "ಒಳಗೆ ಹೋಗವ್ವ, ನೀನು ಹಂಗೆ ನೋಡ್ತಿದ್ರೆ ನಂಗೆ ಅಳು ಬರ್ತದೆ" ಎಂದು ಅವಳೇ ಬೈಯುತ್ತಿದ್ದಳು. ಬೊಬ್ಬೆಗೆ ಬೆಣ್ಣೆ ಸವರುವುದಷ್ಟೇ ನನಗೆ ಉಳಿದ ಕೆಲಸ.

ಮೊದಲ ಸಲ ಮಾಡಿದ್ದು ಹುಳಿಯಾಗಿತ್ತು, ಹೇಳಿದೆ. ಎರಡನೆಯದು ಸೀದಿತ್ತು, ಅದನ್ನೂ ಹೇಳಿದೆ. ಕೊನೆಯದನ್ನು ಅವಳು ಲೋಟಕ್ಕೆ ಬಗ್ಗಿಸಿ ಕೊಟ್ಟಾಗ ಮೊದಲು ಬೆಳಕಿಗೆ ಹಿಡಿದು ನೋಡಿದೆ. ಹಳೆಯ ಬೆಲ್ಲದ ಪಾಕದ ಬಣ್ಣ, ಮೇಲೆ ಕೆನೆಗಟ್ಟಿದ ಕಂದು ನೊರೆ. ಒಂದು ಗುಟುಕು ಕುಡಿದೆ. ಮೊದಲು ಸುಟ್ಟ ರೊಟ್ಟಿಯ ಅಂಚು ಬಂತು, ಅದರ ಹಿಂದೆಯೇ ಹುರಿದ ಕಡಲೆಬೀಜದ ಸಿಪ್ಪೆ, ಆಮೇಲೆ ನಾಲಿಗೆಯ ಮೇಲೆ ದಪ್ಪಗೆ ಖರ್ಜೂರದ ಸಿಹಿ. ನುಂಗಿದ ಮೇಲೆ ಬಂದ ಕಹಿ, ಮೆಂತ್ಯ ಹುರಿದ ಬಾಣಲೆಯನ್ನು ಮೂಸಿದಂತೆ, ಬಂದು ಗಂಟಲಲ್ಲೇ ಉಳಿಯಿತು. ಕಿವಿಯ ಬುಡ ಬೆಚ್ಚಗಾಯಿತು. ನಾನು ಕಣ್ಣು ಮುಚ್ಚಿದ್ದೆ.

"ಹೆಂಗದೆ?" ಅಂದಳು.

ಹೇಳಿದೆ, ಹೀಗೆ ಹೀಗೆ ಅಂತ. ಅರ್ಧಕ್ಕೇ ಕೈ ಬೀಸಿ ತಡೆದುಬಿಟ್ಟಳು. "ಸಾಕು ಬಿಡವ್ವ. ನಾನು ಮಣ್ಣು ಕಲಸಿ ಕೊಟ್ರೂ ನೀನು ಖರ್ಜೂರ ಅಂತೀಯ."

"ಹೋದ್ಸಲ ಸೀದದೆ ಅಂದಿರ್ಲಿಲ್ವೇನೇ?"

"ಅದು ಹೊಗೆ ನೋಡ್ದೋರಿಗೆಲ್ಲ ಗೊತ್ತಿತ್ತು" ಎಂದು ನಕ್ಕಳು. ನಕ್ಕರೂ ನಂಬಲಿಲ್ಲ. ಚಾವಡಿಯ ಕಟ್ಟಳೆಯೂ ಹಾಗೆಯೇ ಇದೆಯಲ್ಲ. ಹೆತ್ತವರು ಹೇಳಿದ ರುಚಿ ಲೆಕ್ಕಕ್ಕಿಲ್ಲ. ಯಾವ ಪುಣ್ಯಾತ್ಮ ಅದನ್ನು ಮಾಡಿದನೋ, ಅವನಿಗೆ ಅವನ ಅವ್ವ ಒಂದು ದಿನವೂ "ಸಪ್ಪೆಯಾಗಿದೆ ಮಗಾ" ಎಂದು ನಿಜ ಹೇಳಿರಲಿಲ್ಲವೇನೋ.

ಪರೀಕ್ಷೆಗೆ ಏಲು ಮಾಡಿದವರೆಲ್ಲ ಚಾವಡಿಯವರೇ ಕೊಟ್ಟ ಒಂದೇ ಅಚ್ಚಿನ ಗುಡಾಣದಲ್ಲಿ ತುಂಬಿ ತರಬೇಕು. ಯಾರದು ಯಾವುದೆಂದು ಪಂಚರಿಗೆ ಗೊತ್ತಾಗಬಾರದೆಂದು ಹೆಸರು ಬರೆಯುವುದಿಲ್ಲ, ಕೊರಳಿಗೆ ಬಣ್ಣದ ದಾರ ಕಟ್ಟಿ, ಯಾವ ಬಣ್ಣ ಯಾರದೆಂದು ಚೀಟಿಯಲ್ಲಿ ಬರೆದು ಮಡಿಸಿಡುತ್ತಾರೆ. ಚೆಲುವಿಯದು ಹಸಿರು. ಗುಡಾಣಗಳು ಕೆಲವು ದಿನ ಚಾವಡಿಯ ನೆಲಮಾಳಿಗೆಯಲ್ಲಿ ತಣ್ಣಗೆ ಕೂರುತ್ತವೆ. ಅದರ ಬೀಗದ ಕೈ ಇರುವುದು ಕೆಂಚಪ್ಪನವರ ಸೊಂಟದಲ್ಲಿ. ಊರಿನ ದೊಡ್ಡ ಏಲುಗಾರರು ಅವರೇ. ಪ್ರತಿ ವರ್ಷ ಮೊದಲ ಮರ್ಯಾದೆ ಅವರದೇ, ಅವರಿಗೂ ಪರೀಕ್ಷೆಯಲ್ಲಿ ಒಂದು ಗುಡಾಣ ಉಂಟು, ಬೀಗವೂ ಅವರದೇ. ಇದು ಸರಿಯಲ್ಲ ಎಂದು ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ. ಅವರ ಹೆಂಡತಿ ಗಂಗವ್ವ ಬದುಕಿದ್ದಾಗ ಅವರ ನಾಲಿಗೆಯಾಗಿದ್ದಳು. ತೀರಿಕೊಂಡ ಮೇಲೆ ಅವರು ಬೇರೆ ಯಾರನ್ನೂ ನಾಲಿಗೆ ಮಾಡಿಕೊಳ್ಳಲಿಲ್ಲ. "ಕೆಂಚಪ್ಪನಿಗೆ ಇನ್ನೊಬ್ರು ಹೇಳೋದೇನು" ಅನ್ನುವ ಬಿಗುಮಾನ. ಹೋದ ವರ್ಷದ ಅವರ ಏಲಿನಲ್ಲಿ ಏನೋ ಕೊರತೆ ಇತ್ತು, ಆದರೂ ಹಳೆಯ ಹೆಸರು ನೆನೆದು ಎಲ್ಲರೂ ತಲೆದೂಗಿದ್ದರು.

ಹಸಿರು ದಾರದ ಗುಡಾಣಕ್ಕೆ ಅವತ್ತು ಆದದ್ದನ್ನು ಮೊದಲೇ ಹೇಳಿದೆ. ಆಮೇಲೆ ಕೆಂಪು ದಾರದ ಗುಡಾಣ ತೆಗೆದರು. ಪಂಚರ ಹಿರಿಯ ಅಪ್ಪಾಜಯ್ಯ ಒಂದು ಗುಟುಕು ಕುಡಿದು ಉಳಿದವರ ಕಡೆ ಹುಬ್ಬು ಹಾರಿಸಿದರು. ಅವರೂ ಕುಡಿದರು. ಯಾರೂ ಉಗಿಯಲಿಲ್ಲ. ಲೋಟದ ತಳ ಬರುವವರೆಗೆ ಯಾರೂ ಮಾತಾಡಲೂ ಇಲ್ಲ. ಚೀಟಿ ಬಿಚ್ಚಿ ಕೆಂಪು ಯಾರದೆಂದು ನೋಡಿ, "ಇನ್ಯಾರದು? ನಮ್ಮ ಕೆಂಚಪ್ಪನದೇ" ಎಂದು ಕೂಗಿದಾಗ ಚಪ್ಪಾಳೆಯೋ ಚಪ್ಪಾಳೆ. ಕೆಂಚಪ್ಪನವರು ತಲೆ ಬಗ್ಗಿಸಿಕೊಂಡು ನಿಂತಿದ್ದರು. ಹಸಿರು ದಾರದ್ದನ್ನು ಮುಸುರೆ ಅಂದಾಗಲೂ ಅವರು ಹಾಗೇ ತಲೆ ಬಗ್ಗಿಸಿದ್ದರು ಎನ್ನುವುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಗೆದ್ದವರ ಏಲನ್ನು ಊರಿಗೆಲ್ಲ ಹಂಚುವುದು ವಾಡಿಕೆ. ನನ್ನ ಕೈಗೂ ಒಂದು ಲೋಟ ಬಂತು. ಕುಡಿಯುವ ಮನಸ್ಸಿರಲಿಲ್ಲ, ಸಿಟ್ಟಿಗೆ ಬಾಯಾರಿತ್ತು, ಕುಡಿದೆ. ಸುಟ್ಟ ರೊಟ್ಟಿಯ ಅಂಚು. ಕಡಲೆಬೀಜದ ಸಿಪ್ಪೆ. ಖರ್ಜೂರ. ಆಮೇಲೆ ಆ ಕಹಿ, ಬಂದು ಗಂಟಲಲ್ಲೇ ಕೂತ ಆ ಕಹಿ.

ಲೋಟ ಹಿಡಿದು ಚೆಲುವಿಯ ಹತ್ತಿರ ಹೋದೆ. "ಒಂದು ಗುಟುಕು ಕುಡಿ" ಅಂದೆ.

"ಬೇಡವ್ವ."

"ನನಗೋಸ್ಕರ ಕುಡಿ ಮಗಾ."

ಕುಡಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಕಣ್ಣು ಎಲ್ಲೋ ಇತ್ತು. ಲೋಟ ನನ್ನ ಕೈಗೆ ಕೊಟ್ಟು, "ನನ್ನ ಬಾಯೇ ಕೆಟ್ಟೋಗದೆ ಕಣವ್ವ. ಬೇಜಾರಿಗೆ ಏನೂ ಹತ್ತುತ್ತಿಲ್ಲ. ನೀರು ಕುಡ್ದಂಗಾಯ್ತು" ಅಂದಳು.

ನಾನು ಪಕ್ಕದ ಅಂಗಡಿಯಿಂದ ಒಂದು ಖಾರದ ನಿಪ್ಪಟ್ಟು ತಂದು ಅವಳ ಬಾಯಿಗಿಟ್ಟೆ. ಕಡಿದಳು. ಹುಸ್ ಎಂದು ಗಾಳಿ ಎಳೆದುಕೊಂಡಳು. ಮತ್ತೆ ಲೋಟ ತುಟಿಗೆ ಹಿಡಿದೆ. ನೀರುಮುಖ. ಮತ್ತೆ ನಿಪ್ಪಟ್ಟು. ಹುಸ್. ಅವಳಿಗೆ ಅರ್ಥವಾದದ್ದು ನನಗೆ ಕಂಡಿತು, ಏಕೆಂದರೆ ಕಂಬ ಹಿಡಿದುಕೊಂಡಳು.

ನಾನು ಸುಮ್ಮನಿರಬೇಕಿತ್ತು ಅನ್ನುತ್ತಾರೆ ಮಕ್ಕಳ ಅಪ್ಪ. ಸೈಕಲ್ ರಿಪೇರಿ ಮಾಡುವವರು ಅವರು, ಎಲ್ಲರ ಸೈಕಲ್ಲೂ ತಮ್ಮ ಅಂಗಡಿಗೇ ಬರಬೇಕು, ಯಾರ ಜೊತೆಯೂ ನಿಷ್ಠುರ ಬೇಡ. ನನ್ನ ಸೆರಗು ಹಿಡಿದು ಎಳೆದರು ಕೂಡ. ನಾನು ಪಂಚರ ಮುಂದೆ ಹೋಗಿ ನಿಂತೆ.

"ಈ ಏಲು ನನ್ನ ಮಗಳು ಮಾಡಿದ್ದು. ದಾರ ಬದಲಾಗಿದೆ."

"ಯಾರಮ್ಮ ಹೇಳಿದ್ದು?" ಎಂದರು ಅಪ್ಪಾಜಯ್ಯ.

"ನನ್ನ ನಾಲಿಗೆ ಹೇಳ್ತದೆ."

"ಹೆತ್ತವಳ ನಾಲಿಗೆ ನಮ್ಮ ಲೆಕ್ಕಕ್ಕೆ ಬರಲ್ಲವಲ್ಲ ಪುಟ್ಟತಾಯಿ."

"ಅವಳಿಗೆ ಇದು ನೀರು. ಕರೆದು ಕುಡಿಸಿ ನೋಡಿ."

ಪಂಚರಲ್ಲಿ ಒಬ್ಬರು ಹೊಟ್ಟೆ ಹಿಡಿದು ನಕ್ಕರು. "ಹಂಗಂತ ನಾಳೆ ನಾನೂ ಹೇಳ್ತೀನಿ. ಊರಲ್ಲಿರೋ ಒಳ್ಳೇ ಅಡುಗೆಯೆಲ್ಲ ನಂಗೆ ನೀರು, ಎಲ್ಲ ನಾನೇ ಮಾಡಿದ್ದು ಅಂತ!" ಎಲ್ಲರೂ ನಕ್ಕರು. ಕೆಂಚಪ್ಪನವರು ಮಾತ್ರ ಮೃದುವಾಗಿ, ಎಲ್ಲರಿಗೂ ಕೇಳುವಂತೆ, "ಬಿಡಿ ಪಾಪ. ಸೋತ ಮಗು, ಹೆತ್ತ ಕರುಳು" ಅಂದರು. ಆ ಮಾತು ನನ್ನನ್ನು ಸುಟ್ಟಷ್ಟು ಆ ನಗೆ ಸುಡಲಿಲ್ಲ. ಕದ್ದವನು ಕನಿಕರವನ್ನೂ ತೋರಿಸುತ್ತಾನಲ್ಲ!

ಮನೆಗೆ ಬಂದು ಪಾತ್ರೆಗಳನ್ನು ಎಷ್ಟು ಜೋರಾಗಿ ತಿಕ್ಕಿದೆನೆಂದರೆ ಚಿಕ್ಕ ಮಗಳು ಬಂದು, "ಅವ್ವ, ತಳ ತೂತಾಗ್ತದೆ" ಎಂದಳು. ಅವಳಿಗೆ ತಲೆ ಬಾಚಿ ಜಡೆ ಹಾಕುತ್ತ ಹಿತ್ತಲ ಕಡೆ ನೋಡಿದೆ. ಚೆಲುವಿ ಉಳಿದ ಬಾರ್ಲಿಯ ಚೀಲವನ್ನು ಕೋಳಿಗೂಡಿನ ಹತ್ತಿರ ತಂದಿಟ್ಟಿದ್ದಳು. ಹಂಡೆ ಬೋರಲಾಗಿತ್ತು.

"ಏನೇ ಇದು?"

"ಕೋಳಿಗಾದ್ರೂ ಆಗ್ಲಿ. ಅತ್ತೆ ಹೊಲಿಗೆ ಕಲಿಸ್ತೀನಿ ಅಂದಿದ್ರು, ಹೋಗ್ತೀನಿ."

"ನೀನು ಮಾಡಿದ್ದು ಊರೆಲ್ಲ ಚಪ್ಪರಿಸಿ ಕುಡೀತು."

"ನಿಜವಾಗ್ಲೂ ನಂದೇನಾ?" ಅಂದಳು. "ಆಗ ಬೇಜಾರಿತ್ತು. ಬೇಜಾರಿಗೆ ನೀರಾಗಿತ್ತೋ ಏನೋ. ನಿಪ್ಪಟ್ಟಿನ ಖಾರ ಸತ್ತೋರ ಬಾಯಿಗೂ ಹತ್ತುತ್ತೆ. ಪಂಚರು ಹೇಳಿದ್ದೇ ನಿಜ ಆಗಿದ್ರೆ? ನಾನು ಮಾಡಿದ್ದು ಮುಸುರೇನೇ ಆಗಿದ್ರೆ? ನಂಗೆ ಹೆಂಗೆ ಗೊತ್ತಾಗ್ಬೇಕವ್ವ, ನಂಗೆ ಯಾವತ್ತಾದ್ರೂ ಗೊತ್ತಾಗುತ್ತಾ?"

ನಾನು ಬಾಚಣಿಗೆ ಕೆಳಗಿಟ್ಟೆ. ದಾರ ಬದಲಿಸಿ ಅವರು ಕದ್ದದ್ದು ಏಲನ್ನಷ್ಟೇ ಎಂದುಕೊಂಡಿದ್ದೆ. ತನ್ನ ಕೈಯ ಮೇಲೆ ಅವಳಿಗಿದ್ದ ನಂಬಿಕೆಯೂ ಆ ಚರಂಡಿಯಲ್ಲೇ ಹೋಗಿತ್ತು. ತೆನೆ ಸಿಗದಿದ್ದರೆ ಹೋಗಲಿ. ಇದು ಹೋಗಲು ನಾನು ಬಿಡುವುದಿಲ್ಲ ಎಂದು ಅಲ್ಲಿಯೇ ನಿಶ್ಚಯಿಸಿದೆ. ಕೋಳಿಗೂಡಿನ ಹತ್ತಿರದಿಂದ ಚೀಲವನ್ನು ಎತ್ತಿ ಒಳಗಿಡಲು ಕೈ ಹೋಯಿತು. ಮುಟ್ಟಬಾರದೆಂದು ನೆನಪಾಗಿ ಹಿಂದಕ್ಕೆ ಎಳೆದುಕೊಂಡೆ. "ನಾಳೆ ಸಂಜೆವರೆಗೂ ಕೋಳಿಗೆ ಹಾಕ್ಬೇಡ. ಅಷ್ಟು ಮಾಡು" ಅಂದೆ.

ಗೆದ್ದವರು ಮರುದಿನ ಮಧ್ಯಾಹ್ನ ಚಾವಡಿಯಲ್ಲಿ ಊಟ ಹಾಕಿಸಬೇಕು. ಅಡುಗೆಗೆ ಎಲ್ಲ ಬೀದಿಗಳಿಂದ ಹೆಂಗಸರು ಹೋಗುತ್ತೇವೆ, ಬಡಿಸುವವರೂ ನಾವೇ. ಗೆದ್ದ ಏಲು ಸಾಲಿಗೆಲ್ಲ, ಗೆದ್ದವರಿಗೆ ಮಾತ್ರ ಎರಡನೆಯ ಸ್ಥಾನದವರ ಏಲು. ಮಾಡಿದವರ ಮುಂದೆ ಅವರದನ್ನೇ ಬಡಿಸುವುದು ನಮ್ಮಲ್ಲಿ ದೊಡ್ಡ ಅವಮಾನ. ಉಣ್ಣಲು ಕರೆದು ಖಾಲಿ ಎಲೆ ಹಾಕಿದಂತೆ. ಹಾಗಾಗಿ ಕೆಂಚಪ್ಪನವರು ಆ ಕೆಂಪು ದಾರದ ಏಲನ್ನು ಕುಡಿದದ್ದನ್ನು ಯಾರೂ ನೋಡಿರಲಿಲ್ಲ, ಯಾರೂ ನೋಡಬೇಕಾಗಿಯೂ ಇರಲಿಲ್ಲ.

ನಾನು ಹೂಜಿಗೆ ಅದನ್ನೇ ತುಂಬಿಕೊಂಡು ನೆಟ್ಟಗೆ ಅವರ ಎಲೆಯ ಮುಂದೆ ಹೋಗಿ ನಿಂತೆ. ಪಕ್ಕದ ಎಲೆ ಅಪ್ಪಾಜಯ್ಯನವರದು. ಚೆಲುವಿ ಸಾಲಿನ ತುದಿಯಲ್ಲಿ ಪಲ್ಯ ಬಡಿಸುತ್ತಿದ್ದಳು. ಬರಲ್ಲ ಎಂದವಳನ್ನು ನಾನೇ ಬೇಡಿಕೊಂಡು ಕರೆತಂದಿದ್ದೆ.

"ಯಜಮಾನ್ರೇ, ಇದು ನಿಮ್ಮದೇ ಏಲು. ಒಂದು ಲೋಟ ತಗೋಬೇಕು" ಅಂದೆ.

"ಏಯ್, ಮಾಡಿದೋರಿಗೇ ಸುರೀತೀಯೇನಮ್ಮ, ಮರ್ಯಾದೆ ಬೇಡ್ವಾ?" ಎಂದರು ಯಾರೋ. "ಇವಳಿಗೆ ತಲೆ ಕೆಟ್ಟಿದೆ" ಎಂದರು ಇನ್ನೊಬ್ಬರು. ಮಕ್ಕಳ ಅಪ್ಪ ತಮ್ಮ ಎಲೆಯೊಳಗೇ ಮುಳುಗಿಬಿಡುವವರಂತೆ ಬಗ್ಗಿದರು.

ಕೆಂಚಪ್ಪನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಹಾಕಮ್ಮ. ನಿನ್ನ ಸಮಾಧಾನ ಆಗೋದಾದ್ರೆ ಹಾಕು. ನೀರು ಕುಡಿಯೋಕೆ ನನಗೇನು?" ಲೋಟ ಎತ್ತಿ ಒಂದು ಗುಟುಕು ಕುಡಿದರು.

ನೀರುಮುಖ. ಒಪ್ಪಲೇಬೇಕು, ಚೆನ್ನಾಗಿ ಮಾಡಿದರು. ಕಣ್ಣನ್ನು ದೂರದ ಜಂತೆಗೆ ನೆಟ್ಟು, ಹುಬ್ಬು ಅಲುಗಿಸದೆ ನುಂಗಿದರು. ಜೀವಮಾನವೆಲ್ಲ ಆ ಮುಖ ಹಾಕಿದವರಿಗೆ ಅದು ಬರದೆ ಇರುತ್ತದೆಯೇ? "ನೋಡಿದ್ಯಾ?" ಎಂದು ಅಪ್ಪಾಜಯ್ಯ ನನ್ನ ಕಡೆ ತಿರುಗಿ ಗದರಿದರು. "ಈಗ ತೃಪ್ತಿಯಾಯ್ತಾ? ಕ್ಷಮೆ ಕೇಳು."

ಕೇಳಿದೆ. "ತಪ್ಪಾಯಿತು ಯಜಮಾನ್ರೇ, ಊಟ ಮಾಡಿ" ಅಂದೆ. ದೂರದಲ್ಲಿ ಚೆಲುವಿಯ ಕೈಯ ಪಲ್ಯದ ಪಾತ್ರೆ ಕೆಳಗಿಳಿದದ್ದು ಕಂಡಿತು. ನಾನು ಲೋಟವನ್ನು ಎತ್ತಲಿಲ್ಲ. ಕಂಠಮಟ್ಟ ತುಂಬಿ, ಅವರ ಎಲೆಯ ಪಕ್ಕ, ನೀರಿನ ಚೊಂಬಿಗೆ ತಾಗಿಸಿ ಇಟ್ಟು, ಹೂಜಿ ಹಿಡಿದು ಗೋಡೆಗೆ ಸರಿದು ನಿಂತೆ.

ಮಕ್ಕಳನ್ನು ಸಾಕಿದವಳು ನಾನು. ಬೆಲ್ಲ ಕದ್ದು ತಿಂದ ಮಗುವನ್ನು "ತಿಂದ್ಯಾ?" ಎಂದು ಕೇಳಿದರೆ ಯಾವ ಮಗುವೂ ಹೌದು ಎನ್ನುವುದಿಲ್ಲ. ಕೇಳುವುದನ್ನು ಬಿಟ್ಟು, ಬೆಲ್ಲದ ಡಬ್ಬಿಯನ್ನು ಕೈಗೆಟುಕುವಂತೆ ಇಟ್ಟು, ನನ್ನ ಪಾಡಿಗೆ ಸೊಪ್ಪು ಬಿಡಿಸುತ್ತ ಕೂತರೆ ಸಾಕು.

ಊಟ ಮುಂದುವರಿಯಿತು. ಸಾರು ಬಂತು, ಹುರುಳಿಯ ಖಾರದ ಸಾರು. ಪಂಚರು ಹಳೆಯ ವರ್ಷಗಳ ಮಾತು ತೆಗೆದರು, ಯಾರ ಏಲು ಕುಡಿದು ಯಾರು ಬಾವಿಕಟ್ಟೆಯ ಮೇಲೆ ಮಲಗಿದ್ದರು ಎಂದೆಲ್ಲ. ಕೆಂಚಪ್ಪನವರೂ ನಕ್ಕರು, ತಾವೂ ಒಂದು ಕಥೆ ಸೇರಿಸಿದರು. ಕಥೆಯ ನಡುವೆ ಅವರ ಕೈ ಚೊಂಬನ್ನು ದಾಟಿ ಲೋಟಕ್ಕೆ ಹೋಯಿತು. ಎರಡನೇ ಗುಟುಕು. ಮಾತು ಅಲ್ಲೇ ನಿಂತಿತು. ಕಣ್ಣು ಮುಚ್ಚಿದವು. ಮೀಸೆಯ ಮೇಲಿನ ನೊರೆಯನ್ನು ನಾಲಿಗೆ ಹುಡುಕಿಕೊಂಡು ಬಂದು ತೆಗೆದುಕೊಂಡಿತು. ಎಲೆಯ ತುದಿಯ ಕಡಲೆಬೀಜ ಎರಡು ಬಾಯಿಗೆ ಹೋದವು, ಅದರ ಮೇಲೆ ಮತ್ತೊಂದು ಗುಟುಕು, ನಿಧಾನವಾಗಿ, ಮುಗಿದುಹೋಗಬಾರದು ಎನ್ನುವಂತೆ.

ಬಡಿಸುತ್ತಿದ್ದ ಹೆಂಗಸರು ಮೊದಲು ನೋಡಿದರು. ದಿನಾ ನೀರುಮುಖದಲ್ಲಿ ಉಣ್ಣುವವರು ನಾವಲ್ಲವೇ. ಒಬ್ಬೊಬ್ಬರಾಗಿ ಸೌಟು ನಿಂತವು. ಸಾಲಿನವರೂ ತಲೆ ಎತ್ತಿದರು. ದೇವೀರಮ್ಮ ಅನ್ನದ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹೇಳುವಾಗಿನ ಅದೇ ದನಿಯಲ್ಲಿ ಕೇಳಿದಳು. "ನೀರಿಗೆ ಯಾರಾದ್ರೂ ಕಣ್ಣು ಮುಚ್ತಾರಾ ಯಜಮಾನ್ರೇ?"

ಕೆಂಚಪ್ಪನವರು ಕಣ್ಣು ತೆರೆದರು. ಎಲ್ಲರನ್ನೂ ನೋಡಿದರು. ಲೋಟವನ್ನು ಕೆಳಗಿಡಬಹುದಿತ್ತು, ಇಡಲಿಲ್ಲ. ಅದರೊಳಗೇ ನೋಡುತ್ತ, ಯಾರಿಗೂ ಅಲ್ಲದಂತೆ ಅಂದರು. "ಗಂಗು ಹೇಳ್ತಿದ್ಲು, ನಾನು ಇಂಥದ್ದು ಮಾಡ್ತಿದ್ದೆ ಅಂತ. ಖರ್ಜೂರ ಇದ್ದಂಗದೆ, ಹೆಂಚಿನ ಮೇಲಿನ ರೊಟ್ಟಿ ಇದ್ದಂಗದೆ ಅಂತ. ಅದು ಹೆಂಗಿರ್ತದೆ ಅಂತ ನಂಗೆ ಇದನ್ನ ಕುಡಿದ್ಮೇಲೇ ಗೊತ್ತಾಗಿದ್ದು."

ನನಗೂ ಕನಿಕರ ಬಂತು, ಸುಳ್ಳೇಕೆ ಹೇಳಲಿ. ಗಂಗವ್ವ ನನಗೂ ಬೇಕಾದವಳು. ಆದರೆ ನಾಲಿಗೆ ಕಳೆದುಕೊಂಡವನು ಬೀದಿ ದಾಟಿ ಬಂದು "ಸ್ವಲ್ಪ ನೋಡಿ ಹೇಳಮ್ಮ" ಎಂದು ಕೇಳಿದ್ದರೆ ಯಾರು ಇಲ್ಲ ಎನ್ನುತ್ತಿದ್ದರು? ನಾನೇ ಹೋಗುತ್ತಿದ್ದೆ. ಕೇಳುವುದಕ್ಕೆ ನಾಚಿಕೆ, ಕದಿಯುವುದಕ್ಕೆ ನಾಚಿಕೆಯಿಲ್ಲ! ನೆಲಮಾಳಿಗೆಯಲ್ಲಿ ಒಂದೊಂದೇ ಗುಡಾಣದ ರುಚಿ ನೋಡಿ ದಾರ ಬದಲಿಸಿದ ಬೆರಳುಗಳಿಗೆ ಆ ಹುಡುಗಿಯ ಬೊಬ್ಬೆ ಎದ್ದ ಅಂಗೈ ನೆನಪಾಗಲಿಲ್ಲವೇ?

ಇಷ್ಟಾದ ಮೇಲೆ ಪಂಚರು ಏನು ಮಾಡಿದರು ಎಂದು ಕೇಳಿದರೆ ನೀವು ನಗುತ್ತೀರಿ. ಅಪ್ಪಾಜಯ್ಯ ಗಂಟಲು ಸರಿಮಾಡಿಕೊಂಡು, ನೆಲಮಾಳಿಗೆಯ ಕತ್ತಲಲ್ಲಿ ದಾರಗಳು ಅದಲುಬದಲಾಗಿರುವ ಸಾಧ್ಯತೆ ಇದೆ ಎಂದರು. ದಾರಕ್ಕೆ ಕೈಕಾಲಿದೆಯೇ? ಮರ್ಯಾದೆ ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ವಾಡಿಕೆ ಇಲ್ಲವಂತೆ. ಮುಂದಿನ ಸಲ ಹುಡುಗಿಯ ಗುಡಾಣವನ್ನು ಮೊದಲು ತೆಗೆಯುತ್ತಾರಂತೆ, ಬೀಗದ ಕೈಯನ್ನು ಪಂಚರೇ ಇಟ್ಟುಕೊಳ್ಳುತ್ತಾರಂತೆ. ಉಗಿದವರಲ್ಲಿ ಒಬ್ಬರೂ ಅವಳ ಹತ್ತಿರ ಬಂದು ಒಂದು ಮಾತು ಆಡಲಿಲ್ಲ. ಹೆತ್ತವಳ ನಾಲಿಗೆ ಇನ್ನೂ ಲೆಕ್ಕಕ್ಕಿಲ್ಲ. ನಾನು ಹೂಜಿಯನ್ನು ಅಪ್ಪಾಜಯ್ಯನವರ ಎಲೆಯ ಮುಂದೆ ಕುಕ್ಕಿ, ಬಾಕಿ ಬಡಿಸುವುದನ್ನು ಅವರಿಗೇ ಬಿಟ್ಟು ಹೊರಟುಬಂದೆ. ದೇವೀರಮ್ಮನೂ ಬುಟ್ಟಿ ಇಟ್ಟು ಬಂದಳು. ನಮ್ಮ ಹಿಂದೆ ಇನ್ನೂ ಕೆಲವರು ಬಂದರಂತೆ. ಅನ್ನಕ್ಕೆ ಮಜ್ಜಿಗೆ ಬೀಳದೆ ಪಂಚರು ಬಹಳ ಹೊತ್ತು ಕೈ ಒಣಗಿಸಿಕೊಂಡು ಕೂತಿದ್ದರು ಎಂದು ಆಮೇಲೆ ಮಕ್ಕಳ ಅಪ್ಪ ಹೇಳಿದರು. ಹೇಳುವಾಗ ಅವರೂ ಸ್ವಲ್ಪ ನಕ್ಕರು.

ಚೆಲುವಿಯೂ ನನ್ನ ಹಿಂದೆಯೇ ಹೊರಟಳು. ಮನೆಗೆ ಬಂದು ಕೈಕಾಲು ತೊಳೆದು, ನಾನು ಸೊಪ್ಪು ಬಿಡಿಸುತ್ತಿದ್ದಲ್ಲಿಗೆ ಬಂದು ಎದುರಿಗೆ ಕೂತಳು.

"ಊರಿಗೆಲ್ಲ ಗೊತ್ತಾಯ್ತು. ಆ ಯಜಮಾನ್ರಿಗೂ ಗೊತ್ತಾಯ್ತು. ನಂಗೊಬ್ಬಳಿಗೇ ಗೊತ್ತಿಲ್ಲ" ಅಂದಳು. "ಹೇಳವ್ವ, ಹೆಂಗಿತ್ತು?"

ನಾನು ಸೊಪ್ಪು ಬದಿಗಿಟ್ಟೆ. ರೊಟ್ಟಿಯ ಅಂಚಿನಿಂದ ಶುರು ಮಾಡಿದೆ. ಈ ಸಲ ಅವಳು ಕೈ ಬೀಸಿ ತಡೆಯಲಿಲ್ಲ. ಕಡಲೆಬೀಜದ ಸಿಪ್ಪೆ ಎಂದಾಗ ಕಣ್ಣು ಮುಚ್ಚಿದಳು. ಖರ್ಜೂರ ಎಂದಾಗ ಅವಳ ಗಂಟಲು ಅಲುಗಿತು, ಏನನ್ನೋ ನುಂಗಿದಂತೆ. ಕಿವಿಯ ಬುಡ ಬೆಚ್ಚಗಾಗುವುದನ್ನೂ ಹೇಳಿದೆ.

"ಆಮೇಲೆ?"

"ಆಮೇಲೆ ಕಹಿ. ಕಹಿ ಸ್ವಲ್ಪ ಜಾಸ್ತಿಯಾಗಿತ್ತು ಕಣೇ. ಗಂಟಲಲ್ಲೇ ಉಳೀತದೆ. ಹಾಪ್ಸ್ ಒಂದು ಹಿಡಿ ಕಡಿಮೆ ಹಾಕ್ಬೇಕಿತ್ತು."

ಫಕ್ಕನೆ ಕಣ್ಣು ತೆರೆದಳು. "ಅದನ್ನ ಮೊದಲೇ ಹೇಳ್ಬಾರ್ದಿತ್ತಾ?"

"ಅಲ್ಲೀವರೆಗೂ ಹೇಳೋಕೆ ನೀನು ಬಿಟ್ಯಾ?"

ನನ್ನನ್ನೇ ನೋಡಿದಳು. ಅವಳಿಗೆ ಸಿಟ್ಟು ಬಂದಿತ್ತು, ಅವರ ಮೇಲಲ್ಲ, ನನ್ನ ಮೇಲೂ ಅಲ್ಲ, ಆ ಒಂದು ಹಿಡಿ ಹಾಪ್ಸಿನ ಮೇಲೆ. ನಂಬಿದವರಿಗೆ ಮಾತ್ರ ಬರುವ ಸಿಟ್ಟು ಅದು. ಎದ್ದು ಹಿತ್ತಲಿಗೆ ಹೋದಳು.

ಈಗ ಹಂಡೆ ಅಂಗಾತ ಮಾಡಿದ ಸದ್ದು ಕೇಳಿತು. ಕೋಳಿಗೂಡಿನ ಹತ್ತಿರದಿಂದ ಚೀಲ ಎಳೆಯುತ್ತಿದ್ದಾಳೆ. ಭಾರ ಅದು, ಅವಳೊಬ್ಬಳಿಗೆ ಆಗುವಂಥದ್ದಲ್ಲ, ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಿದ್ದಾಳೆ, ಮತ್ತೆ ಎಳೆಯುತ್ತಿದ್ದಾಳೆ. ಒಂದು ತುದಿ ಹಿಡಿದರೆ ಸಾಕು, ಎರಡು ಹೆಜ್ಜೆಯ ಕೆಲಸ. ಹಿಡಿಯುವಂತಿಲ್ಲ. ಕೈ ಸುಮ್ಮನಿದ್ದರೆ ಹೋಗಿ ಹಿಡಿದೇಬಿಡುತ್ತದೆ. ಅದಕ್ಕೇ ಇದನ್ನು ಬರೆಯುತ್ತ ಕೂತಿದ್ದೇನೆ.